ಛತ್ರದವನ ಲೆಕ್ಕ

ಏಸು ಹೇಳಿದ ದೃಷ್ಟಾಂತಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸಮಾರ್ಯದವನದು. ಕಳ್ಳರು ಹೊಡೆದು ಹಾಕಿದವನೊಬ್ಬ ದಾರಿಬದಿಯಲ್ಲಿ ಅರೆಜೀವವಾಗಿ ಬಿದ್ದಿದ್ದಾನೆ. ದೇವಾಲಯದ ಯಾಜಕ ನೋಡಿಯೂ ಆಚೆ ಮಗ್ಗುಲಿಗೆ ಸರಿದುಹೋದ, ಲೇವಿಯನೂ ಹಾಗೇ. ಯೆಹೂದ್ಯರು ಮುಟ್ಟಲೂ ಒಲ್ಲದ ಸಮಾರ್ಯದವನು ನಿಂತು, ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ಕಣ್ಣೊರೆಸಿಕೊಂಡು ಮುಗಿಯುತ್ತವೆ. ನನಗೆ ರುಚಿ ಆಮೇಲಿನ ಭಾಗ. ಆತ ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಟ್ಟು, ಹೆಚ್ಚಿಗೆ ತಗುಲಿದರೆ ವಾಪಸು ಬರುವಾಗ ತೀರಿಸುತ್ತೇನೆ ಎಂದು ಹೇಳಿ ತನ್ನ ಪ್ರಯಾಣ ಮುಂದುವರಿಸಿದ. ಅಂದರೆ ಮರುಕದ ಮರುದಿನ ಖರ್ಚಿನ ಮಾತು ಬಂತು! ಆ ಛತ್ರದವನೋ, ಗಂಜಿ ಕಾಯಿಸಿ, ಪಟ್ಟಿ ಬದಲಿಸಿ, ರಾತ್ರಿಯಿಡೀ ನರಳಾಟ ಕೇಳಿರಬೇಕು. ಅವನ ಹೆಸರಿನಲ್ಲಿ ಒಂದು ಆಸ್ಪತ್ರೆಯೂ ಇಲ್ಲ.

ಮಂಗಳೂರು ಸೀಮೆಯವರಿಗೆ ಈ ಮರುದಿನದ ಕಥೆ ಹೊಸದಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನ್‌ನವರು ಬೋಧನೆ ಮಾಡಿದರು, ಕೆಲವರು ಮತ ಬದಲಿಸಿದರು. ಬದಲಿಸಿದವರಿಗೆ ಮನೆ ತಪ್ಪಿತು, ಕುಲಕಸುಬು ತಪ್ಪಿತು. ಹೊಟ್ಟೆಗೇನು? ಮಿಶನ್‌ನವರು ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಬೋಧನೆಗೆ ಕಿವಿಗೊಡದವರ ಮನೆಯ ಮೇಲೂ ಅವರ ಹೆಂಚು ಕುಳಿತಿತು.

ಆದರೆ ನನ್ನ ಮೆಚ್ಚಿನ ಆಸಾಮಿ ಬೇರೆ. ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸುಯಿಟ್ ಪಾದ್ರಿ 1878ರ ಕೊನೆಗೆ ಮಂಗಳೂರಿಗೆ ಬಂದಿಳಿದರು. ಬಂದದ್ದು ಪಾಠ ಹೇಳುವುದಕ್ಕೆ. ಹೋಮಿಯೋಪತಿ ಬರೀ ಹವ್ಯಾಸ. ಹವ್ಯಾಸದ ಮನುಷ್ಯರು ಗೊತ್ತಲ್ಲ, ಸುಮ್ಮನೆ ಕೂರುವವರಲ್ಲ. 1880ರಲ್ಲಿ ಬಡವರಿಗೆಂದು ಔಷಧಾಲಯ ಶುರುವಾಯಿತು, 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ. ಆಗ ಕುಷ್ಠಕ್ಕೆ ನಂಬಿಕೆಯ ಮದ್ದೇ ಇರಲಿಲ್ಲ. ರೋಗಿಯನ್ನು ಊರು ದೂರವಿಡುತ್ತಿತ್ತು, ಮನೆಯವರೂ ದೂರವಿಡುತ್ತಿದ್ದರು. ವಾಸಿಯಾಗದವರನ್ನು ಇಟ್ಟುಕೊಂಡ ಮೇಲೆ ದಿನಾ ಅನ್ನ ಬೇಕು, ಬಟ್ಟೆ ಬೇಕು, ಹುಣ್ಣು ತೊಳೆಯುವ ಕೈ ಬೇಕು. ಇದಕ್ಕೆಲ್ಲ ಹಣ ಎಲ್ಲಿಂದ? ಬಹುಪಾಲು ಆ ಸಕ್ಕರೆ ಗುಳಿಗೆಗಳಿಂದಲೇ. ಮುಲ್ಲರ್ ಹೋಮಿಯೋಪತಿ ಔಷಧಿಯನ್ನು ಅಂಚೆಯ ಮೂಲಕ ದೂರದೂರಿಗೆಲ್ಲ ಮಾರಿದರು, ಬಂದ ಲಾಭವನ್ನು ಬಡರೋಗಿಗಳಿಗೆ ಸುರಿದರು.

ಈ ಗುಳಿಗೆಯಲ್ಲಿ ಔಷಧ ಎಷ್ಟು, ಸಕ್ಕರೆ ಎಷ್ಟು ಎಂಬ ಜಗಳ ಇನ್ನೂ ತೀರಿಲ್ಲ. ನಾನು ಅನುಮಾನದ ಪಕ್ಷದವನು, ಬಾಲ್ಯದಲ್ಲಿ ಸೀಸೆಯಿಂದ ಕದ್ದು ತಿಂದು ಏನೂ ಆಗದ ಅನುಭವದಿಂದ. ಆದರೂ ಒಂದು ಒಪ್ಪುತ್ತೇನೆ. ಯಾವುದೋ ಊರಿನ ಗುಮಾಸ್ತರ ತಲೆನೋವನ್ನು ಆ ಗುಳಿಗೆ ಇಳಿಸಿತೋ ಬಿಟ್ಟಿತೋ, ಅವರು ಕೊಟ್ಟ ಕಾಸು ಮಾತ್ರ ಕಂಕನಾಡಿಯಲ್ಲಿ ಯಾರದೋ ತಟ್ಟೆಯಲ್ಲಿ ಅನ್ನವಾಯಿತು. ಹೋಮಿಯೋಪತಿಯ ಗುಣದ ಬಗ್ಗೆ ಇಷ್ಟು ಗಟ್ಟಿಯಾದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ. ಪ್ಲೇಗ್ ಬಂದಾಗ ಪ್ಲೇಗಿನವರಿಗೂ ಮುಲ್ಲರ್ ಜಾಗ ಮಾಡಿದರು. 1910ರಲ್ಲಿ ತೀರಿಕೊಂಡರು. ಪಾದ್ರಿಯಾಗಿ ಅವರು ಏನು ಬೋಧಿಸಿದರೆಂದು ಕೇಳಿದರೆ ನಮ್ಮ ಕಡೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಅವರ ಆಸ್ಪತ್ರೆ ಎಲ್ಲಿದೆಯೆಂದು ಕೇಳಿ, ರಿಕ್ಷಾದವರು ಮೀಟರು ಹಾಕಿಯೇ ಬಿಡುತ್ತಾರೆ (ಹಾಕಿದರೆ ನಿಮ್ಮ ಪುಣ್ಯ).

ಇಷ್ಟೆಲ್ಲ ಮಾಡಿದ್ದು ಮತಕ್ಕೆ ಸೆಳೆಯಲಿಕ್ಕಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ್ದೇ. ಗಾಂಧೀಜಿ ಇದೇ ವಿಷಯಕ್ಕೆ ಮಿಷನರಿಗಳ ಜೊತೆ ಮುಖಾಮುಖಿ ವಾದ ಮಾಡಿದವರು. ಒಂದು ಕೈಯಲ್ಲಿ ಔಷಧ, ಇನ್ನೊಂದು ಕೈಯಲ್ಲಿ ಷರತ್ತು ಹಿಡಿದು ನಿಂತವರಿದ್ದರೆ ಅವರ ಪರ ನನ್ನ ವಕಾಲತ್ತಿಲ್ಲ. ಆದರೆ ನಂಬಿಕೆಯಿಲ್ಲದೆ ಬರೀ ಸಂಬಳಕ್ಕೆ ಆ ಹುಣ್ಣುಗಳನ್ನು ಇಪ್ಪತ್ತು ವರ್ಷ ತೊಳೆಯುವ ಜನ ಎಷ್ಟು ಸಿಗುತ್ತಿದ್ದರು ಎಂಬುದನ್ನೂ ಆ ಪ್ರಶ್ನೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಮಿಷನರಿಯೇ ಆಗುವುದಿಲ್ಲ ಎಂದು ಹಟ ಹಿಡಿದವರೊಬ್ಬರ ಮಾತನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಆಸ್ಪತ್ರೆಗೆ ರಿಪೋರ್ಟಿನ ಚೀಲ ಹೊತ್ತು ಹೋಗುವ ನಮ್ಮವರು ಎಷ್ಟೋ ಮಂದಿ. ಆ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್, ಅಜ್ಜನ ಕಾಲದಿಂದಲೂ ಮಿಷನರಿ ವೈದ್ಯರ ಮನೆತನದವರು. ಆ ಜೀವನ ಸಾಕು ಎಂದುಕೊಂಡು ತಾಯಿಯ ಆರೈಕೆಗಷ್ಟೇ ತಿಂಡಿವನಕ್ಕೆ ಬಂದಿದ್ದರು. ಒಂದೇ ರಾತ್ರಿ ಮೂವರು ಗಂಡಸರು, ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಹಿಂದೂ, ಒಬ್ಬರಾದ ಮೇಲೊಬ್ಬರು ಬಂದು ಹೆರಿಗೆಯ ಕಷ್ಟದಲ್ಲಿರುವ ಹೆಂಡತಿಯನ್ನು ಉಳಿಸಿಕೊಡಿ ಎಂದರು. ನಾನು ವೈದ್ಯೆಯಲ್ಲ, ನಮ್ಮಪ್ಪ ವೈದ್ಯರು, ಕರೆಯಲೇ ಎಂದರೆ, ಪರಗಂಡಸು ಒಳಗೆ ಬರುವುದುಂಟೇ ಎಂದು ಮೂವರೂ ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು.

ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಡಾಕ್ಟರಾದರು. ಮರಳಿ ಹಡಗು ಹತ್ತುವ ಮುನ್ನ ಮಾಡಿದ ಕೆಲಸ ನನ್ನ ಛತ್ರದವನು ಮೆಚ್ಚುವಂಥದ್ದು: ಚಂದಾ ಎತ್ತಿದರು. ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕರ್ ಒಬ್ಬರೇ, ತೀರಿಕೊಂಡ ಹೆಂಡತಿಯ ನೆನಪಿಗೆಂದು, ಹತ್ತು ಸಾವಿರ ಡಾಲರು ಕೊಟ್ಟರು. ವೆಲ್ಲೂರಿನಲ್ಲಿ ಅವರ ಮೊದಲ ಆಸ್ಪತ್ರೆ ಎದ್ದದ್ದು ಆ ದುಡ್ಡಿನಿಂದ. 1918ರಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಎಂದು ವೈದ್ಯಕೀಯ ಶಾಲೆ ತೆರೆದರು. ಗಂಡು ವೈದ್ಯ ಬೇಡವೆಂದವರ ನಾಡಿನಲ್ಲಿ, ನಮಗೂ ಅಲ್ಲಿ ವೈದ್ಯ ಕಲಿಸಿ ಎಂದು ಬಂದ ಗಂಡುಹುಡುಗರಿಗೆ ಬಾಗಿಲು ತೆರೆದದ್ದು 1947ರಲ್ಲಿ.