ಕುಕೀ ಅಳಿಸಿದರೂ ಉಳಿಯುವ ಗುರುತು



ಮನೆಯಲ್ಲಿ ಹೇಳಲಾಗದ ಆತಂಕವನ್ನು ನಾವು ಮೊಬೈಲಿನಲ್ಲಿ ಹುಡುಕುತ್ತೇವೆ. ಇನ್‌ಕಾಗ್ನಿಟೋ ಇದ್ದರೆ ಸಾಕೆಂದು ಸಮಾಧಾನಪಡುತ್ತೇವೆ. ಆದರೆ ಪರದೆಯ ಅಳತೆ, ಫಾಂಟ್, ಭಾಷೆ, ಸಮಯವಲಯ ಮುಂತಾದವು ಬ್ರೌಸರಿನಿಂದಲೇ ಜಾಲತಾಣಕ್ಕೆ ತಿಳಿಯುತ್ತವೆ. ಎಲ್ಲವನ್ನೂ ಜೋಡಿಸಿದರೆ ಬೆರಳಚ್ಚಿನಂಥ ಗುರುತು. ಕುಕೀ ಅಳಿಸಿದರೂ ಅದು ಅಳಿಯದು. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಪರೀಕ್ಷಿಸಿದ ಬ್ರೌಸರ್‌ಗಳಲ್ಲಿ ಶೇ. 83.6ರಷ್ಟು ಇನ್ನೊಂದನ್ನು ಹೋಲುತ್ತಿರಲಿಲ್ಲ.

ಕಾಸರಗೋಡಿನಲ್ಲಿದ್ದು ಫೋನಿಗೆ ಕನ್ನಡವನ್ನೇ ಇಟ್ಟಿರುವ ನಾನು, ಮಲಯಾಳ, ಇಂಗ್ಲಿಷ್ ಇಟ್ಟವರ ನಡುವೆ ಇನ್ನೂ ಸುಲಭವಾಗಿ ಗುರುತು ಸಿಗುತ್ತೇನೆ. ಆದರೂ ಕನ್ನಡ ತೆಗೆಯಲಾರೆ. ಸೂಕ್ಷ್ಮ ವಿಷಯಗಳಿಗೆ ಟೋರ್ ಬ್ರೌಸರ್ ಬಳಸುತ್ತೇನೆ. ಅದರಲ್ಲಿ ಬಳಕೆದಾರರೆಲ್ಲ ಆದಷ್ಟು ಒಂದೇ ಥರ ಕಾಣುತ್ತಾರೆ. ಹೆಚ್ಚು ಜನ ಬಳಸಿದಷ್ಟೂ ಪ್ರತಿಯೊಬ್ಬರ ಮರೆ ಗಟ್ಟಿ. ನಿಮಗೆ ಮುಚ್ಚಿಡುವುದೇನೂ ಇಲ್ಲದಿರಬಹುದು. ಸಂಕಟದಲ್ಲಿರುವ ಗೆಳತಿಗಾಗಿಯಾದರೂ ಆ ಗುಂಪಿಗೆ ಸೇರಿಕೊಳ್ಳಿ.