ಅಪ್ಪಯ್ಯನ ಬೆರಳು, ನನ್ನ ಬುದ್ಧಿವಂತಿಕೆ

ಮೊನ್ನೆ ಹೊನ್ನಾವರಕ್ಕೆ ಹೋಗುವಾಗ ಅಪ್ಪಯ್ಯನಿಗೆ ಒಂದು ಹೊಸ ಲ್ಯಾಪ್‌ಟಾಪ್ ಒಯ್ದಿದ್ದೆ. ಹಳೇ ಕಂಪ್ಯೂಟರು ಶುರುವಾಗುವುದರೊಳಗೆ ಒಂದು ಲೋಟ ಚಾ ಮುಗಿಯುತ್ತಿತ್ತು. ವಿಂಡೋಸ್‌ನಲ್ಲೇ ಕನ್ನಡ ಇದೆಯಲ್ಲ, ಇನ್ನು ‘ನುಡಿ’ ಯಾಕೆ ಅಂದುಕೊಂಡು, ಅದರದೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಹಾಕಿಕೊಟ್ಟು ಬೆಂಗಳೂರಿಗೆ ವಾಪಸ್ ಬಂದೆ.

ಅಪ್ಪಯ್ಯ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳಲ್ಲಿ ಮಾಸ್ತರಿಕೆ ಮಾಡಿದವ. ರಿಟೈರ್ ಆದಮೇಲೆ ಶಾಲೆಯ ನೆನಪುಗಳನ್ನು ದಿನಕ್ಕೊಂದು ಪುಟ ಟೈಪ್ ಮಾಡುತ್ತಿದ್ದ. ವಾರ ಬಿಟ್ಟು ಫೋನ್ ಮಾಡಿದರೆ, “ಬರಿಯದು ಬಿಟ್ಟಿದ್ದಿ ತಮಾ. ನಂಗೀಗ ಭಟ್ಕಳ ಅಂತ ಬರಿಲೂ ಬತ್ತಿಲ್ಲೆ” ಅಂದ.

ಕಲಿತರೆ ಬರುತ್ತದಪ್ಪ ಅಂತ ರೇಗಿದೆ. ಆಮೇಲೆ ನಾನೇ ಕೂತು ನೋಡಿದೆ. ನುಡಿಯಲ್ಲಿರುವುದು ಕೆ.ಪಿ. ರಾಯರ ವಿನ್ಯಾಸ. ಅದರಲ್ಲಿ ‘ಭಟ್ಕಳ’ ಅಂದರೆ ಶಿಫ್ಟ್ ಬಿ, ಕ್ಯೂ, ಎಫ್, ಕೆ, ಶಿಫ್ಟ್ ಎಲ್. ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ವೈ, ಉದ್ಧರಣ ಚಿಹ್ನೆಯ ಕೀಲಿ, ಡಿ, ಕೆ, ಶಿಫ್ಟ್ ಎನ್. ಐದು ಒತ್ತಿನಲ್ಲಿ ತನ್ನ ಜಾಗದಲ್ಲೇ ಉಳಿದದ್ದು ‘ಕ’ ಒಂದೇ!

ಇನ್‌ಸ್ಕ್ರಿಪ್ಟ್ ಕೆಟ್ಟದ್ದಲ್ಲ. 1986ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮ ಇರಲಿ ಅಂತ ಮಾಡಿದ್ದು. ಕನ್ನಡದ ‘ಕ’ ಇರುವಲ್ಲೇ ಹಿಂದಿಯ ‘ಕ’ವೂ ಇದೆ. ಆದರೆ ಬೆರಳಿಗೆ ತರ್ಕ ಗೊತ್ತಿಲ್ಲ, ರೂಢಿ ಗೊತ್ತು. ಇಂಗ್ಲಿಷ್‌ಗೆ ಡ್ವೊರಾಕ್ 1936ರಲ್ಲೇ ಪೇಟೆಂಟ್ ಪಡೆದ ವಿನ್ಯಾಸ ಇದ್ದರೂ ಜಗತ್ತು ಇವತ್ತಿಗೂ ಕ್ವರ್ಟಿ ಬಿಟ್ಟಿಲ್ಲ. ನಾನಾದರೂ ಏನು? ‘ಬರಹ’ದ ಕಾಲದಿಂದ ಇಂಗ್ಲಿಷ್ ಅಕ್ಷರ ಕುಟ್ಟಿಯೇ ಕನ್ನಡ ಬರೆಯುವವನು. ಆಫೀಸಿನ ಹೊಸ ಕೀಬೋರ್ಡಿನಲ್ಲಿ ಡಿಲೀಟ್ ಕೀಲಿ ಒಂದಿಂಚು ಸರಿದಿದ್ದಕ್ಕೆ ಎರಡು ದಿನ ಗೊಣಗಿದ್ದೆ. ಅಪ್ಪಯ್ಯನಿಗೆ ಮಾತ್ರ ಇಡೀ ಅಕ್ಷರಮಾಲೆಯನ್ನೇ ಕದಲಿಸಿ, ಕಲಿ ಅಂದುಬಿಟ್ಟೆ.

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ನುಡಿ ಹಾಕಿಕೊಟ್ಟೆ. ಅಪ್ಪಯ್ಯ ಕನ್ನಡಕ ಏರಿಸಿಕೊಂಡು, ಕೀಲಿಮಣೆ ನೋಡದೆಯೇ ‘ಭಟ್ಕಳ’ ಅಂತ ಹೊಡೆದ. ಆಮೇಲೆ ‘ಹೊನ್ನಾವರ’, ‘ಕುಮಟಾ’. “ಸಮಾ ಆತು” ಅಂದವ ಮತ್ತೆ ನನ್ನ ಕಡೆ ತಿರುಗಲಿಲ್ಲ. ಆಯಿ ಊಟಕ್ಕೆ ಮೂರು ಸಲ ಕರೆದಳು.

ಮಧ್ಯಾಹ್ನ ಅವನ ಫೈಲು ತೆರೆದು ನೋಡಿದೆ. ಪ್ರತಿ ಪುಟದ ಮೇಲೂ ತಾರೀಖು ಹಾಕುವುದು ಅವನ ಅಭ್ಯಾಸ. ನಡುವೆ ಹದಿನಾರು ದಿನ ಇರಲಿಲ್ಲ. ಆ ಹದಿನಾರು ಪುಟಗಳಲ್ಲಿ ಯಾವ ಶಾಲೆ, ಯಾವ ಹುಡುಗರು ಇರುತ್ತಿದ್ದರೋ... ಕೇಳಲು ಧೈರ್ಯ ಬರಲಿಲ್ಲ.