ಕೈ ಹಲವು, ಕೊಳಗ ಒಂದು

ಕೋಲಾರ ತಾಲ್ಲೂಕಿನ ವೇಮಗಲ್ ಸೀಮೆಯು ರಾಗಿಯ ಸೀಮೆ. ಹಿಂದೆ ಇಲ್ಲಿಯ ಕಣಗಳಲ್ಲಿ ಒಕ್ಕುವವರು, ತೂರುವವರು, ಹೊಟ್ಟು ಗುಡಿಸುವವರು ಹಲವರಿರುತ್ತಿದ್ದರು; ರಾಶಿಯನ್ನು ಅಳೆಯುವ ಕೊಳಗ ಮಾತ್ರ ಒಂದೇ. ಅಳೆಯುವವನ ಬಾಯಲ್ಲಿ ಎಣಿಕೆ ನಡೆಯುತ್ತಿರುವಾಗ ಉಳಿದವರು ಸುಮ್ಮನೆ ನಿಲ್ಲಲೇಬೇಕು. ಕಣಕ್ಕೆ ಇನ್ನೂ ಹತ್ತು ಆಳುಗಳು ಬಂದರೂ ಅಳತೆ ಬೇಗ ಮುಗಿಯದು.

ರೈತನ ಪಹಣಿಯು ಈಗ ಗಣಕಯಂತ್ರದಲ್ಲಿದೆ. 'ಭೂಮಿ' ಯೋಜನೆಯು 2000ದ ಸುಮಾರಿಗೆ ಅದನ್ನು ಅಲ್ಲಿಗೆ ಕೊಂಡೊಯ್ದಿತು. ಸಾಲಕ್ಕಾಗಿ ಪಹಣಿ ಬೇಕಾದವನು ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದು ಕಿಟಕಿಯ ಮುಂದೆ ನಿಲ್ಲುತ್ತಾನೆ. "ಸರ್ವರ್ ನಿಧಾನ, ನಾಳೆ ಬನ್ನಿ" ಎಂಬ ಉತ್ತರ ದೊರೆತರೆ, ಅಷ್ಟು ದೊಡ್ಡ ಯಂತ್ರ ಏಕೆ ಕಾಯಿಸುತ್ತದೆಂದು ಅವನು ಕೇಳುವುದು ನ್ಯಾಯವೇ.

ದೂರದಲ್ಲಿದ್ದು ಅನೇಕರ ಕೋರಿಕೆಗಳನ್ನು ಪೂರೈಸುವ ಗಣಕವೇ ಸರ್ವರ್. ಅದರಲ್ಲಿ ಲೆಕ್ಕ ಮಾಡುವ ಪ್ರೊಸೆಸರುಗಳು ಹಲವು. ಅವುಗಳಿಗೆ ಹಂಚಿದ ಕೆಲಸದ ಎಳೆಗಳಿಗೆ ಥ್ರೆಡ್‌ಗಳೆಂದು ಹೆಸರು. ಇಂಥ ಕೂಡುದುಡಿಮೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿಯೇ ನಾಲ್ಕು ಪ್ರೊಸೆಸರುಗಳ 'ಫ್ಲೋಸಾಲ್ವರ್' ಸಿದ್ಧವಾಗಿತ್ತು.

ಕೂಡುದುಡಿಮೆಗೂ ಒಂದು ಎಲ್ಲೆಯುಂಟೆಂಬುದನ್ನು ಅಮೆರಿಕದ ಗಣಕತಜ್ಞ ಜೀನ್ ಆಮ್‌ಡಾಲ್ 1967ರಲ್ಲಿ ತೋರಿಸಿಕೊಟ್ಟರು. 10 ಗಂಟೆಯ ಕೆಲಸದಲ್ಲಿ 1 ಗಂಟೆಯ ಪಾಲನ್ನು ಹಂಚಲಾಗದು ಎನ್ನೋಣ. ಉಳಿದ 9 ಗಂಟೆಯನ್ನು 10 ಪ್ರೊಸೆಸರುಗಳಿಗೆ ಹಂಚಿದರೆ ಅದು 54 ನಿಮಿಷಕ್ಕಿಳಿಯುತ್ತದೆ. ಒಟ್ಟು 1 ಗಂಟೆ 54 ನಿಮಿಷ. ವೇಗ ಹೆಚ್ಚಿದ್ದು ಹತ್ತರಷ್ಟಲ್ಲ, ಐದರಷ್ಟಕ್ಕಿಂತ ತುಸು ಮೇಲೆ. ಸಾವಿರ ಪ್ರೊಸೆಸರುಗಳನ್ನು ತಂದರೂ ಆ ಒಂದು ಗಂಟೆ ಕರಗದು. ಅಷ್ಟೇ ಅಲ್ಲ, ಥ್ರೆಡ್‌ಗಳು ಅತಿಯಾದರೆ ಅವುಗಳ ಸರದಿಯನ್ನು ಬದಲಿಸುವುದರಲ್ಲಿಯೇ ಯಂತ್ರದ ಹೊತ್ತು ಕಳೆಯುತ್ತದೆ.

ಹಾಗಾದರೆ ಕೊಳಗವನ್ನೇ ಎಸೆದುಬಿಡಬಾರದೇ? ಒಂದೇ ಸರ್ವೆ ನಂಬರಿನ ಪುಟದಲ್ಲಿ ಇಬ್ಬರು ಒಮ್ಮೆಗೇ ಬರೆದರೆ ಒಬ್ಬನ ಬರಹ ಅಳಿದು, ಅವನ ಹೊಲವೇ ಕೈತಪ್ಪೀತು. ಅದಕ್ಕಾಗಿಯೇ ಬರೆಯುವ ಥ್ರೆಡ್ ಪುಟಕ್ಕೆ ಬೀಗ ಹಾಕಿಕೊಳ್ಳುತ್ತದೆ, ಉಳಿದವು ಕಾಯುತ್ತವೆ. ಆ ಬೀಗ ರೈತನ ಮಣ್ಣಿಗೆ ಕಾವಲು. ಆದರೆ ಒಂದು ಪುಟವನ್ನು ತಿದ್ದಲು ಇಡೀ ಉಗ್ರಾಣಕ್ಕೆ ಬೀಗ ಜಡಿಯುವುದು ಜಾಣತನವಲ್ಲ. ಬೀಗ ಚಿಕ್ಕದಾಗಿರಬೇಕು, ಬೇಗ ತೆರೆಯಬೇಕು.

ಸತ್ಯವನ್ನು ಉಳಿಸಲು ಕಾಯುವುದು ಒಂದು ಬಗೆ. ಅಜಾಗರೂಕತೆಯಿಂದ ಕಾಯಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ರೈತ ಕಣದಲ್ಲಿಯೇ ಬಲ್ಲ. ಎರಡನೆಯದಕ್ಕೆ ಅವನು ತನ್ನ ಒಂದು ದಿನದ ದುಡಿಮೆಯನ್ನು ತೆರಬೇಕಾದುದು ನ್ಯಾಯವಲ್ಲ.